ಎಲ್ ಶೇಪ್ ಸೋಫಾ ಎಲ್ಲರ ಮನೆಗೂ ಯಾಕೆ ಬಂತು? ನಿಮ್ಮ ಹಾಲ್‌ಗೆ ಒಗ್ಗುತ್ತಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಹೊಸ ಫ್ಲ್ಯಾಟಿಗೆ ಬಂದಿದ್ದೇವೆ. ಮೂರನೇ ಮಹಡಿ. ಹಾಲ್ 11 ಅಡಿ ಅಗಲ, 17 ಅಡಿ ಉದ್ದ. ಅದರಲ್ಲೇ ಊಟದ ಟೇಬಲ್ಲೂ ಬರಬೇಕು. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಮಂಡಿನೋವಿರುವ ಅತ್ತೆ ಇದ್ದೇವೆ. ನೆಂಟರಿಷ್ಟರ ಮನೆಗೆ ಹೋದರೆ ಎಲ್ಲಾ ಕಡೆ ಎಲ್ ಶೇಪ್ ಸೋಫಾ. ಮಕ್ಕಳು ಅದೇ ಬೇಕು ಅಂತ ಹಟ ಹಿಡಿದಿದ್ದಾರೆ. ಅತ್ತೆ ಹಳೇ ಸಾಗವಾನಿ ಸೋಫಾ ಸೆಟ್ಟೇ ಸಾಕು ಅಂತಾರೆ. ಇಷ್ಟೊಂದು ಜನ ಅದನ್ನೇ ಯಾಕೆ ತಗೊಳ್ತಾರೆ? ನಮ್ಮ ಮನೆಗೆ ಒಗ್ಗುತ್ತಾ? ತಗೊಳ್ಳುವಾಗ ಏನು ನೋಡಬೇಕು?

ಉತ್ತರ: ಒಗ್ಗುತ್ತದೆ. ಆದರೆ ಅಂಗಡಿಯ ನಡುವೆ ದೊಡ್ಡದಾಗಿ ಹರಡಿಕೊಂಡಿರುತ್ತದಲ್ಲ, ಆ ರೂಪದಲ್ಲಿ ಬೇಡ. ಭಾಗ ಭಾಗವಾಗಿ ಬಿಡಿಸಿ, ಬೇಕಾದ ಕಡೆ ಎಳೆದು ಇಡಬಹುದಾದ ಸೋಫಾ ತಗೊಳ್ಳಿ. ಮನೆಗಳ ಒಳಾಂಗಣದ ಕೆಲಸ ಮಾಡುವ ನಾನು ಜನರಿಗೆ ಪದೇ ಪದೇ ಹೇಳುವ ಮಾತು ಇದೇ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ಇದನ್ನು ಯಾಕೆ ತಗೊಳ್ಳುತ್ತಿದ್ದಾರೆ ಅನ್ನುವುದು ಗೊತ್ತಾದರೆ ನಿಮಗೆ ಎಂಥದ್ದು ಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ನಿಮ್ಮ ಅತ್ತೆಯವರ ಸೋಫಾ ಸೆಟ್ಟಿನಿಂದಲೇ ಶುರು ಮಾಡೋಣ. ಮೂರು ಜನರದ್ದು ಒಂದು, ಒಬ್ಬೊಬ್ಬರದ್ದು ಎರಡು, ನಡುವೆ ಟೀಪಾಯಿ. ಅದನ್ನು ಎದುರುಬದುರು ಇಡುತ್ತಿದ್ದರು. ಬಂದವರು ಅತ್ತ ಕೂರಬೇಕು, ಮನೆಯ ಹಿರಿಯರು ಇತ್ತ ಕೂತು ಮಾತಾಡಬೇಕು, ನಡುವೆ ಚಹಾ, ಚುರುಮುರಿ ಬರಬೇಕು. ಮನೆ ಮಂದಿ ಅದರ ಮೇಲೆ ಕೂರುತ್ತಿದ್ದದ್ದೇ ಕಮ್ಮಿ. ಹೆಂಗಸರು ಪಡಸಾಲೆಯಲ್ಲೋ ಅಡುಗೆಮನೆಯಲ್ಲೋ ಇರುತ್ತಿದ್ದರು, ಮಕ್ಕಳು ನೆಲದ ಮೇಲೆ. ಕುಶನ್ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿರುತ್ತಿದ್ದರು, ಮಕ್ಕಳು ಹತ್ತಿದರೆ ಬೈಸಿಕೊಳ್ಳುತ್ತಿದ್ದರು. ಅದು ಬಂದವರ ಮರ್ಯಾದೆಗೆ ಅಂತ ಮಾಡಿಸಿದ ಸಾಮಾನು.

ಈಗಿನ ಫ್ಲ್ಯಾಟಿನಲ್ಲಿ ಪಡಸಾಲೆ ಇಲ್ಲ, ಹಿತ್ತಲಿಲ್ಲ, ಕಟ್ಟೆ ಇಲ್ಲ. ಅಲ್ಲೆಲ್ಲ ನಡೆಯುತ್ತಿದ್ದ ಕೆಲಸ ಪೂರಾ ಒಂದೇ ಹಾಲ್‌ಗೆ ಬಂದು ಸೇರಿದೆ. ಟಿವಿ ನೋಡುವುದು, ಹೋಂವರ್ಕ್, ಆಫೀಸಿನ ಲ್ಯಾಪ್‌ಟಾಪ್, ಒಣಗಿದ ಬಟ್ಟೆ ಮಡಚುವುದು, ಭಾನುವಾರ ಮಧ್ಯಾಹ್ನದ ನಿದ್ದೆ ಎಲ್ಲಾ ಅಲ್ಲೇ. ಸೋಫಾ ಈಗ ಮನೆಯವರಿಗೇ ಬೇಕಾಗಿದೆ, ಅದೂ ದಿನಪೂರ್ತಿ. ಹೀಗೆ ಬಳಸುವಾಗ ಬೆನ್ನು ನೆಟ್ಟಗೆ ಮಾಡಿ ಕೂರುವ ಮರದ ಕುರ್ಚಿಯಲ್ಲಿ ಯಾರೂ ಒಂದು ತಾಸು ಕೂರುವುದಿಲ್ಲ. ಎಲ್ ಶೇಪ್ ಸೋಫಾದಲ್ಲಿ ಒಬ್ಬರು ಕಾಲು ಚಾಚುತ್ತಾರೆ, ಇನ್ನೊಬ್ಬರು ಅವರಿಗೆ ಒರಗುತ್ತಾರೆ, ಮಗು ನಡುವೆ ತೂರಿಕೊಳ್ಳುತ್ತದೆ. ನಿಮ್ಮ ಮಕ್ಕಳಿಗೆ ಬೇಕಾಗಿರುವುದೂ ಅದೇ ಅಲ್ವಾ? ಅವರ ಹಟದಲ್ಲಿ ಅರ್ಥ ಇದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಇದೆ. ಅಂಗಡಿಯವರು ಅದನ್ನು ಹೇಳುವುದು ಕಮ್ಮಿ. ನಾವು ಕಾಲು ಮಡಚಿ ಕೂರುವ ಜನ. ಎಷ್ಟೇ ಚೆಂದದ ಸೋಫಾ ಇರಲಿ, ಹತ್ತು ನಿಮಿಷಕ್ಕೆ ಕಾಲು ಮೇಲೆ ಬರುತ್ತದೆ. ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರಲು ಸೀಟಿನ ಆಳ 22ರಿಂದ 24 ಇಂಚು ಬೇಕು. ಹಳೇ ಮರದ ಸೋಫಾದ ಆಳ ಸಾಮಾನ್ಯವಾಗಿ 18ರಿಂದ 20 ಇಂಚು. ಅದರಲ್ಲಿ ಕಾಲು ಮಡಚಿದರೆ ಮಂಡಿ ಹೊರಗೆ ಚಾಚುತ್ತದೆ, ಇಲ್ಲವೇ ಕೈಹಿಡಿಗೆ ತಾಗುತ್ತದೆ. ಈಗಿನ ಎಲ್ ಶೇಪ್ ಸೋಫಾಗಳ ಸೀಟು ಆಳವಾಗಿರುತ್ತದೆ, ನಡುವೆ ಕೈಹಿಡಿ ಇರುವುದಿಲ್ಲ. ನೆಲದ ಮೇಲೆ ಕೂತು ಅಭ್ಯಾಸ ಇರುವವರಿಗೆ ಅದು ಮೈಗೆ ಒಗ್ಗಿಬಿಡುತ್ತದೆ.

ಟಿವಿಯ ಪಾತ್ರವೂ ದೊಡ್ಡದು. ಹಿಂದೆ ಡಬ್ಬಿಯಂಥ ಟಿವಿ ಇತ್ತು. ಅದರ ಹಿಂಭಾಗ ಉದ್ದ, ಹಾಗಾಗಿ ಹಾಲ್‌ನ ಮೂಲೆಯಲ್ಲೋ ಶೋಕೇಸಿನ ಹೊಟ್ಟೆಯಲ್ಲೋ ಕೂರಿಸುತ್ತಿದ್ದರು. ಟಿವಿ ತೆಳ್ಳಗಾಗಿ ಗೋಡೆಗೆ ಅಂಟಿಕೊಂಡ ಮೇಲೆ ಮೂಲೆ ಖಾಲಿಯಾಯಿತು. ಆ ಮೂಲೆಗೆ ಸೋಫಾ ಬಂತು. ಎಲ್ ಶೇಪ್ ಹಾಕಿದರೆ ಎಲ್ಲರ ಮುಖವೂ ಒಂದು ಗೋಡೆಯ ಕಡೆಗೇ ತಿರುಗುತ್ತದೆ. ಊಟದ ಕೋಣೆ ಬೇರೆ ಇಲ್ಲದ ಫ್ಲ್ಯಾಟುಗಳಲ್ಲಿ ಅದರ ಒಂದು ತೋಳು ಅಡ್ಡ ಬಂದು, ಗೋಡೆ ಕಟ್ಟದೇ ಊಟದ ಜಾಗವನ್ನು ಬೇರೆ ಮಾಡಿಕೊಡುತ್ತದೆ. ಒಂದೇ ಸಾಮಾನಿನಿಂದ ಎರಡು ಕೆಲಸ ಆಗುತ್ತದೆ.

ಈ ಸೋಫಾ ಹುಟ್ಟಿದ ಬಗೆ ತಿಳಿದರೆ ನನ್ನ ಸಲಹೆ ಇನ್ನಷ್ಟು ಅರ್ಥವಾಗುತ್ತದೆ. ಅಮೆರಿಕದ ವಿನ್ಯಾಸಕಾರ ಹಾರ್ವಿ ಪ್ರಾಬರ್ 1940ರ ದಶಕದಲ್ಲಿ ಬಿಡಿ ತುಂಡುಗಳನ್ನು ಜೋಡಿಸಿ ಮಾಡುವ ಸೋಫಾಗಳನ್ನು ಮಾರುಕಟ್ಟೆಗೆ ತಂದರು. ಚೌಕ, ಅರೆವೃತ್ತ, ಮೂಲೆ ತುಂಡು ಹೀಗೆ ಬೇರೆ ಬೇರೆ ಆಕಾರ ಇರುತ್ತಿದ್ದವು. ಮನೆಯವರು ತಮ್ಮ ಕೋಣೆಗೆ ತಕ್ಕಂತೆ ಜೋಡಿಸಿಕೊಳ್ಳಬಹುದಿತ್ತು. ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಜೊತೆಗಾರರು 1937ರಲ್ಲಿ ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್ ಕಂಡುಹಿಡಿದಿದ್ದರು. 1950ರ ದಶಕದಲ್ಲಿ ಅದರ ಮೆತ್ತನೆಯ ಫೋಮ್ ಅಗ್ಗವಾಗಿ ಸಿಗತೊಡಗಿತು. ಅಲ್ಲಿಂದ ಸೋಫಾಕ್ಕೆ ಬೇಕಾದ ಆಕಾರ ಕೊಡುವುದು ಸುಲಭವಾಯಿತು. 1970ರಲ್ಲಿ ಇಟಲಿಯ ಮಾರಿಯೊ ಬೆಲ್ಲಿನಿ 'ಕಾಮಲಿಯೊಂಡಾ' ಅನ್ನುವ ಸೋಫಾ ಮಾಡಿದರು. ಅದರಲ್ಲಿ ಸೀಟು, ಬೆನ್ನು, ಕೈ ಎಲ್ಲವೂ ಬಿಡಿಬಿಡಿ. ಕೊಕ್ಕೆ, ಉಂಗುರ, ಹುರಿಗಳಿಂದ ಒಂದಕ್ಕೊಂದು ಸಿಕ್ಕಿಸಿದರೆ ಆಯಿತು. 1972ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಇಟಾಲಿಯನ್ ವಿನ್ಯಾಸದ ಪ್ರದರ್ಶನದಲ್ಲೂ ಅದು ಇತ್ತು.

ಗಮನಿಸಿ, ಇವುಗಳ ಜೀವಾಳ ಎಲ್ ಆಕಾರ ಅಲ್ಲ. ಬಿಡಿಸಿ ಮತ್ತೆ ಬೇರೆ ಥರ ಜೋಡಿಸಬಹುದು ಅನ್ನುವುದೇ ಜೀವಾಳ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಎರಡೇ ತುಂಡಿನ ಸೋಫಾ. ಒಂದು ತುಂಡಿಗೆ ಒಂದೇ ಕಡೆ ಕೈ, ಇನ್ನೊಂದು ಲೌಂಜರ್, ಅಂದರೆ ಕಾಲು ಚಾಚಿ ಕೂರುವ ಉದ್ದನೆಯ ಸೀಟು. ಎರಡನ್ನೂ ಒಂದೇ ರೀತಿಯಲ್ಲಿ ಸೇರಿಸಬಹುದು. ಆಕಾರ ಉಳಿದಿದೆ, ಅದರ ಅನುಕೂಲ ಕೈಬಿಟ್ಟಿದೆ. ಮನೆ ಬದಲಿಸಿದಾಗ ಬಾಗಿಲು ಇನ್ನೊಂದು ಬದಿಗಿದ್ದರೆ ಆ ಲೌಂಜರ್ ದಾರಿಗೆ ಅಡ್ಡ ನಿಲ್ಲುತ್ತದೆ. ಬಾಡಿಗೆ ಮನೆಯವರು ಇದರಿಂದ ಪಡುವ ಪಾಡು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮ ಹಾಲ್. 17 ಅಡಿ ಗೋಡೆಯ ಉದ್ದಕ್ಕೆ ಸೋಫಾ, ಎದುರು ಗೋಡೆಗೆ ಟಿವಿ ಅಂತ ಇಟ್ಟುಕೊಳ್ಳೋಣ. ಹಾಲ್‌ನ ಅಗಲ 11 ಅಡಿ. ಸೋಫಾದ ಆಳ ಬೆನ್ನು ಸೇರಿ 3 ಅಡಿ ಹೋಯಿತು. ಟಿವಿ ಕೆಳಗಿನ ಕಪಾಟಿಗೆ 15 ಇಂಚು. ನಡುವೆ ಆರೂಮುಕ್ಕಾಲು ಅಡಿ ಉಳಿಯುತ್ತದೆ, ಧಾರಾಳ ಆಯಿತು. ಆದರೆ ಲೌಂಜರ್ ಗೋಡೆಯಿಂದ ಐದೂವರೆ ಅಡಿ ಮುಂದೆ ಬರುತ್ತದೆ. ಅದರ ತುದಿಯಿಂದ ಟಿವಿ ಕಪಾಟಿಗೆ ಬರೀ ನಾಲ್ಕೂಕಾಲು ಅಡಿ. ಒಬ್ಬರು ಹಾಯಾಗಿ ಓಡಾಡಲು 3 ಅಡಿ ಸಾಕು, ಹಾಗಾಗಿ ಇದೂ ನಡೆಯುತ್ತದೆ. ಆದರೆ ಲೌಂಜರ್ ಯಾವ ತುದಿಗೆ ಅನ್ನುವುದು ಮುಖ್ಯ. ಮುಂಬಾಗಿಲಿಂದ ಅಡುಗೆಮನೆಗೆ, ಬಾಲ್ಕನಿಗೆ ಹೋಗುವ ದಾರಿ ಯಾವುದು ನೋಡಿ. ಲೌಂಜರ್ ಆ ದಾರಿಯಲ್ಲಿ ಬರಬಾರದು. ಇಲ್ಲದಿದ್ದರೆ ನೀರು ತುಂಬಿದ ಬಕೆಟ್ ಹಿಡಿದು, ಮಗುವನ್ನು ಎತ್ತಿಕೊಂಡು ದಿನಾ ಅದನ್ನು ಸುತ್ತು ಹಾಕಬೇಕಾಗುತ್ತದೆ. ಉದ್ದದಲ್ಲಿ ಸೋಫಾಕ್ಕೆ ಎಂಟೂವರೆ ಅಡಿಗಿಂತ ಜಾಸ್ತಿ ಕೊಡಬೇಡಿ. ಉಳಿದ ಎಂಟೂವರೆ ಅಡಿ ಊಟದ ಟೇಬಲ್ಲಿಗೆ, ಕುರ್ಚಿ ಹಿಂದೆ ಎಳೆಯಲು ಬೇಕೇ ಬೇಕು. ಅಂದಹಾಗೆ ಈ ದೂರಕ್ಕೆ 55 ಇಂಚಿನ ಟಿವಿ ಸರಿಹೋಗುತ್ತದೆ.

ಇದನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕಿ ಬಿಡಬೇಡಿ. ಹಳೇ ಪೇಪರ್ ತಗೊಂಡು ಸೋಫಾದ ಅಳತೆಗೆ ನೆಲಕ್ಕೆ ಅಂಟಿಸಿ, ಎರಡು ಮೂರು ದಿನ ಹಾಗೇ ಬಿಡಿ. ಬಟ್ಟೆ ಒಣಹಾಕಲು ಹೋಗುವಾಗ, ಹಾಲಿನವರು ಬಂದಾಗ, ಮಕ್ಕಳು ಶಾಲೆಗೆ ಓಡುವಾಗ ಯಾರು ಎಲ್ಲಿ ಪೇಪರ್ ತುಳಿಯುತ್ತಾರೆ ನೋಡಿ. ತುಳಿದಿರುವ ಜಾಗದಲ್ಲಿ ಸೋಫಾ ಇರಬಾರದು. ಅಂಗಡಿಯ ಮಾಡು ಎತ್ತರ, ಜಾಗ ವಿಶಾಲ. ಅಲ್ಲಿ ಚಿಕ್ಕದಾಗಿ ಕಾಣುವ ಸೋಫಾ ಮನೆಗೆ ಬಂದ ಮೇಲೆ ಹಾಲ್ ಪೂರ್ತಿ ನುಂಗುತ್ತದೆ. ಪೇಪರ್ ಹಾಕಿ ನೋಡಿದವರು ತುಂಬ ಸಲ ಒಂದು ಅಳತೆ ಚಿಕ್ಕದೇ ತಗೊಳ್ಳುತ್ತಾರೆ.

'ಆರು ಸೀಟರ್' ಅಂತ ಹೇಳುತ್ತಾರಲ್ಲ, ಆ ಲೆಕ್ಕವನ್ನೂ ನಂಬಬೇಡಿ. ಎರಡು ತೋಳು ಸೇರುವ ಮೂಲೆ ಸೀಟಿನಲ್ಲಿ ಒಬ್ಬರು ಕೂತರೆ ಅವರ ಕಾಲಿಗೆ ಜಾಗ ಇಲ್ಲ, ಪಕ್ಕದವರ ಮಂಡಿ ತಾಗುತ್ತದೆ. ಮನೆಯವರಾದರೆ ಕಾಲು ಮೇಲಿಟ್ಟು ಕೂರುತ್ತಾರೆ, ಅವರಿಗೆ ಅದೇ ಒಳ್ಳೇ ಜಾಗ. ಬಂದವರು ಅಲ್ಲಿ ಕೂರುವುದಿಲ್ಲ. ಲೌಂಜರ್ ಮೇಲೂ ಅಷ್ಟೇ. ಪರಿಚಯ ಕಮ್ಮಿ ಇರುವವರು ಅದರ ಅಂಚಿನಲ್ಲಿ ಬೆನ್ನಿಗೆ ಆಸರೆ ಇಲ್ಲದೇ ಕೂತು, ಚಹಾ ಕುಡಿದು ಬೇಗ ಏಳುತ್ತಾರೆ. ಇನ್ನೊಂದು, ಒಂದೇ ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಲು ಕತ್ತು ತಿರುಗಿಸಬೇಕು. ಆದ್ದರಿಂದ ಎಲ್ ಶೇಪ್ ಇದ್ದ ಮನೆಯಲ್ಲಿ ಎದುರಿಗೆ ಒಂದಾದರೂ ಕುರ್ಚಿ ಇರಲೇಬೇಕು.

ಆ ಕುರ್ಚಿ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಅತ್ತೆಯವರ ಸಾಗವಾನಿ ಸೆಟ್ಟಿನ ಸಿಂಗಲ್ ಕುರ್ಚಿ. ಅದನ್ನು ಯಾವ ಕಾರಣಕ್ಕೂ ಕೊಡಬೇಡಿ. ಮಂಡಿನೋವಿದ್ದವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ. ಸೀಟು ತಗ್ಗಿದ್ದಷ್ಟೂ ಮಂಡಿ ಜಾಸ್ತಿ ಮಡಚುತ್ತದೆ, ಏಳುವಾಗ ಮೈಭಾರ ಪೂರಾ ಅದರ ಮೇಲೆ ಬೀಳುತ್ತದೆ. ಎಲ್ ಶೇಪ್ ಸೋಫಾಗಳ ಸೀಟು ಹೆಚ್ಚಾಗಿ 16-17 ಇಂಚು ಎತ್ತರ. ಕೂತ ಮೇಲೆ ಫೋಮ್ ಕುಸಿದು ಇನ್ನೂ ಒಂದೆರಡು ಇಂಚು ತಗ್ಗುತ್ತದೆ. ಆಳ ಜಾಸ್ತಿ ಇರುವುದರಿಂದ ಹಿಂದಕ್ಕೆ ಒರಗಿದರೆ ಪಾದ ನೆಲಕ್ಕೆ ಸಿಗುವುದಿಲ್ಲ, ಹಿಡಿದು ಏಳಲು ಪಕ್ಕದಲ್ಲಿ ಕೈ ಇರುವುದಿಲ್ಲ. ಹಿರಿಯರಿಗೆ 18-19 ಇಂಚು ಎತ್ತರ, 20 ಇಂಚು ಆಳ, ಎರಡೂ ಕಡೆ ಗಟ್ಟಿ ಕೈಹಿಡಿ ಬೇಕು. ಹಳೇ ಕುರ್ಚಿಯಲ್ಲಿ ಆಳ, ಕೈ ಎರಡೂ ಸರಿಯಾಗಿಯೇ ಇರುತ್ತವೆ. ಎತ್ತರ ಕಮ್ಮಿ ಅನಿಸಿದರೆ ಕುಶನ್ ಬಿಚ್ಚಿ ಗಟ್ಟಿ ಫೋಮ್ ಹಾಕಿಸಿ, ಬೇಕಿದ್ದರೆ ಕಾಲಿಗೆ ಒಂದು ಇಂಚು ಮರ ಸೇರಿಸಿ. ಟಿವಿ ಸರಿಯಾಗಿ ಕಾಣುವ, ಬಾಲ್ಕನಿಯ ಗಾಳಿ ಬರುವ ಜಾಗದಲ್ಲಿ ಅದನ್ನು ಇಡಿ. ಮನೆಯ ಹಿರಿಯರು ಕೂರುವ ಜಾಗ ಮೂಲೆಗುಂಪು ಆಗಬಾರದು. ಹೊಸ ಸೋಫಾ ಬಂದ ಮೇಲೆ ತಾವು ಎಲ್ಲಿ ಕೂರಬೇಕು ಅಂತ ತಿಳಿಯದೇ ಹಿರಿಯರು ಮಲಗುವ ಕೋಣೆ ಸೇರಿಕೊಂಡ ಮನೆಗಳಿವೆ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಕುಟುಂಬದ ಸೋಫಾ ಅಂದರೆ ಅದರಲ್ಲಿ ಅವರೂ ಸೇರಿರಬೇಕು.

ಹಾಗಾದರೆ ನಿಮಗೆ ನಾನು ಹೇಳುವ ಜೋಡಣೆ ಇದು. ಏಳು ಅಡಿಯ ಆಸುಪಾಸಿನ, ಎರಡೂ ಕಡೆ ಕೈ ಇರುವ ಮೂರು ಸೀಟಿನ ಸೋಫಾ ಒಂದು. ಅದರ ಸೀಟಿನಷ್ಟೇ ಎತ್ತರದ, ಬೆನ್ನಿಲ್ಲದ ದೊಡ್ಡ ಪಫಿ (ಮೆತ್ತನೆಯ ಸ್ಟೂಲ್) ಒಂದು, ಸುಮಾರು ಎರಡೂವರೆ ಅಡಿ ಚೌಕ. ಪಫಿಯನ್ನು ಸೋಫಾದ ಯಾವ ತುದಿಯ ಮುಂದೆ ಒತ್ತಿ ಇಟ್ಟರೂ ಎಲ್ ಶೇಪ್ ಆಗುತ್ತದೆ, ಮಕ್ಕಳು ಕಾಲು ಚಾಚಬಹುದು. ಅದರ ಜೊತೆ ಅತ್ತೆಯವರ ಕುರ್ಚಿ. ಬೆನ್ನಿರುವ ಲೌಂಜರೇ ಬೇಕು ಅಂದರೆ ಮೂರು ನಾಲ್ಕು ಬಿಡಿ ತುಂಡಿನದ್ದು ತಗೊಳ್ಳಿ. ಅಂಥವುಗಳ ತಳದಲ್ಲಿ ಲೋಹದ ಕ್ಲಿಪ್ ಇರುತ್ತದೆ, ಒಂದಕ್ಕೊಂದು ಸಿಕ್ಕಿಸಿದರೆ ಜಾರುವುದಿಲ್ಲ. ಕ್ಲಿಪ್ ಇಲ್ಲದ ತುಂಡುಗಳು ನುಣುಪಾದ ಟೈಲ್ಸ್ ಮೇಲೆ ನಿಧಾನಕ್ಕೆ ದೂರ ಸರಿಯುತ್ತವೆ. ಆ ಸಂದಿಯಲ್ಲಿ ರಿಮೋಟ್, ಪೆನ್ಸಿಲ್, ಕೊನೆಗೆ ಕೂತವರೂ ಸಿಕ್ಕಿಕೊಳ್ಳುತ್ತಾರೆ.

ಬಿಡಿ ತುಂಡಿಗೆ ಇಷ್ಟು ಒತ್ತು ಕೊಡಲು ದೊಡ್ಡ ಕಾರಣ ನಮ್ಮ ಹಬ್ಬ, ಕಾರ್ಯಗಳು. ವರಮಹಾಲಕ್ಷ್ಮಿ ಕೂರಿಸಬೇಕು, ಗಣಪತಿ ಬರಬೇಕು, ಸತ್ಯನಾರಾಯಣ ಪೂಜೆ, ಸೀಮಂತ, ತೊಟ್ಟಿಲು ಎಲ್ಲದಕ್ಕೂ ಫ್ಲ್ಯಾಟಿನಲ್ಲಿ ಇರುವುದು ಅದೊಂದೇ ಹಾಲ್. ವರ್ಷದಲ್ಲಿ ಕೆಲವು ದಿನವಾದರೂ ಅದು ಖಾಲಿಯಾಗಬೇಕು. ಒಂಬತ್ತು ಅಡಿಯ ಸೋಫಾ ಮಲಗುವ ಕೋಣೆಯ ಬಾಗಿಲಲ್ಲಿ ತೂರುವುದಿಲ್ಲ. ಹಾಲ್‌ನಲ್ಲೇ ಉಳಿದು, ಬಂದ ಹೆಂಗಸರು ಅರಿಶಿನ ಕುಂಕುಮಕ್ಕೆ ಅಡುಗೆಮನೆ ಬಾಗಿಲಲ್ಲಿ ನಿಲ್ಲುವ ಹಾಗಾಗುತ್ತದೆ. ಬಿಡಿ ತುಂಡಾದರೆ ಇಬ್ಬರು ಎತ್ತಿ ಗೋಡೆ ಪಕ್ಕ ಸಾಲಾಗಿ ಇಡಬಹುದು, ಪಫಿ ಕೋಣೆ ಸೇರುತ್ತದೆ, ನಡುವೆ ಜಮಖಾನ ಹಾಸಬಹುದು. ನೀವು ಹುಬ್ಬಳ್ಳಿಯವರು, ನವಲಗುಂದ ಪಕ್ಕದಲ್ಲೇ ಇದೆ. ಅಲ್ಲಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಜಮಖಾನಕ್ಕೆ ಜಿಐ, ಅಂದರೆ ಅದು ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹತ್ತಿಯದ್ದು, ಗಟ್ಟಿ, ಮಡಚಿ ಕಪಾಟಿನಲ್ಲಿ ಇಡಬಹುದು. ಸೋಫಾದ ಬಜೆಟ್ಟಿನಲ್ಲಿ ಸ್ವಲ್ಪ ಉಳಿಸಿ ಒಂದು ಒಳ್ಳೇ ಜಮಖಾನ ತಗೊಳ್ಳಿ. ಹತ್ತು ಜನ ಬಂದಾಗ ಹತ್ತೂ ಜನ ಕೂರುವ ಜಾಗ ಅದೇ. ಸೋಫಾವನ್ನು ನಿಮ್ಮ ಐದು ಜನರ ಅಳತೆಗೆ ತಗೊಂಡರೆ ಸಾಕು.

ಇನ್ನು ಸೋಫಾದ ಒಳಗೆ ಏನಿದೆ ಅನ್ನುವುದು. ಜನ ಬಟ್ಟೆಯ ಬಣ್ಣಕ್ಕೆ ಒಂದು ತಾಸು ಕೊಡುತ್ತಾರೆ, ಫೋಮ್‌ಗೆ ಒಂದು ನಿಮಿಷ. ತಿರುಗಾಮುರುಗಾ ಆಗಬೇಕು. ಫೋಮ್‌ನ ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು. 32 ಅಂದರೆ 32 ಕೆಜಿ, 40 ಅಂದರೆ 40 ಕೆಜಿ. ತುಂಬ ಜನ ಇದನ್ನು ಗಟ್ಟಿತನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಮ್ಮಿ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ಮಾಡಬಹುದು, ಅಂಗಡಿಯಲ್ಲಿ ಕೂತರೆ ಚೆನ್ನಾಗಿಯೇ ಇರುತ್ತದೆ. ಆದರೆ ಬೇಗ ಕುಳಿ ಬೀಳುತ್ತದೆ. ದಿನಾ ಕೂರುವ ಸೀಟಿಗೆ 32ಕ್ಕಿಂತ ಕಮ್ಮಿ ಬೇಡ, 40 ಆದರೆ ಒಳ್ಳೆಯದು. ಬೆನ್ನಿನ ಕುಶನ್‌ಗೆ ಕಮ್ಮಿ ಇದ್ದರೂ ನಡೆಯುತ್ತದೆ.

ಅಂಗಡಿಯವರು ಬಾಯಲ್ಲಿ 40 ಅಂದರೆ ನೀವು ಹೇಗೆ ನಂಬುವುದು? ತೂಕ ಹಾಕಿ. ಸೀಟಿನ ಕುಶನ್‌ನ ಜಿಪ್ ತೆಗೆದು ಫೋಮ್ ಹೊರಗೆ ಎಳೆಯಿರಿ. 24 ಇಂಚು ಉದ್ದ, 24 ಇಂಚು ಅಗಲ, 5 ಇಂಚು ದಪ್ಪದ ಫೋಮ್ 32 ಡೆನ್ಸಿಟಿಯದ್ದಾದರೆ ಸುಮಾರು ಒಂದೂವರೆ ಕೆಜಿ ಇರಬೇಕು. 40 ಆದರೆ 1.9 ಕೆಜಿ ಹತ್ತಿರ. ಒಂದು ಕೆಜಿ, ಒಂದು ಕೆಜಿ ನೂರು ಗ್ರಾಂ ತೋರಿಸಿದರೆ ಅದು 23ರ ಆಸುಪಾಸಿನ ಫೋಮ್, ಬಿಟ್ಟುಬಿಡಿ. ಅಡುಗೆಮನೆಯ ಚಿಕ್ಕ ತಕ್ಕಡಿ ಸಾಕು, ಇಲ್ಲವೇ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಒಯ್ಯಿರಿ. ಆರು ಸೀಟಿನ ಕುಶನ್‌ಗಳಿಗೆ 32ರ ಬದಲು 40 ಹಾಕಿಸಿದರೆ ಹೆಚ್ಚಿಗೆ ಬೇಕಾಗುವ ಫೋಮ್ ಎರಡೂಕಾಲು ಕೆಜಿ ಅಷ್ಟೇ. ಸೋಫಾದ ಬೆಲೆಗೆ ಹೋಲಿಸಿದರೆ ಇದು ದೊಡ್ಡ ಖರ್ಚೇನಲ್ಲ, ಆದರೆ ಅದರ ಆಯಸ್ಸು ನಿಂತಿರುವುದೇ ಇಲ್ಲಿ. ಎಲ್ ಶೇಪ್‌ನಲ್ಲಿ ಇದು ಇನ್ನೂ ಮುಖ್ಯ. ಮನೆಯಲ್ಲಿ ಎಲ್ಲರಿಗೂ ಇಷ್ಟದ ಜಾಗ ಅಂತ ಒಂದಿರುತ್ತದೆ, ಹೆಚ್ಚಾಗಿ ಲೌಂಜರ್ ಬುಡ. ಅಲ್ಲಿ ಮೊದಲು ಕುಸಿಯುತ್ತದೆ. ಲೌಂಜರ್‌ನ ಕುಶನ್ ಉದ್ದನೆಯ ಒಂದೇ ತುಂಡು, ಅದನ್ನು ಬೇರೆ ಸೀಟಿನ ಜೊತೆ ಅದಲುಬದಲು ಮಾಡಲು ಬರುವುದಿಲ್ಲ. ಒಂದೇ ಅಳತೆಯ ಬಿಡಿ ಕುಶನ್‌ಗಳಾದರೆ ತಿಂಗಳಿಗೊಮ್ಮೆ ಜಾಗ ಬದಲಿಸುತ್ತಾ ಇರಬಹುದು.

ಚೌಕಟ್ಟನ್ನೂ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸೋಫಾದ ಮುಂದಿನ ಒಂದು ಕಾಲನ್ನು ಅರ್ಧ ಅಡಿ ಮೇಲೆತ್ತಿ. ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟು ಏಳಬೇಕು. ಅದು ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚುತ್ತಿದೆ ಅಂತ ಅರ್ಥ. ಅಂಥದ್ದು ಮಕ್ಕಳು ಕುಣಿಯುವ ಮನೆಯಲ್ಲಿ ಸದ್ದು ಮಾಡಲು ಶುರು ಮಾಡುತ್ತದೆ. ಕುಶನ್ ಎತ್ತಿ ಸೀಟಿನ ತಳವನ್ನು ಕೈಯಿಂದ ಒತ್ತಿ ನೋಡಿ. ಬರೀ ಎಲಾಸ್ಟಿಕ್ ಪಟ್ಟಿ ಇದ್ದರೆ ಅವು ಅಗಲವಾಗಿ, ಹತ್ತಿರ ಹತ್ತಿರ ಹೆಣೆದಿರಬೇಕು. ಹಾವಿನಂತೆ ಬಳುಕಿದ ಉಕ್ಕಿನ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಕಾಲು ನಾಲ್ಕೈದು ಇಂಚು ಎತ್ತರ ಇರಲಿ. ನೆಲಕ್ಕೆ ಕೂತ ಸೋಫಾ ಫೋಟೋದಲ್ಲಿ ಚೆಂದ. ಮನೆಯಲ್ಲಿ ಅದರ ಕೆಳಗೆ ಪೊರಕೆ ಹೋಗುವುದಿಲ್ಲ, ಮಕ್ಕಳು ಚೆಲ್ಲಿದ ಬಿಸ್ಕತ್ ಪುಡಿಗೆ ಇರುವೆ, ಜಿರಳೆ ಬರುತ್ತವೆ. ನಿಮ್ಮೂರಿನ ಧೂಳಿಗಂತೂ ಕೆಳಗೆ ಒರೆಸಲು ಬರಲೇಬೇಕು.

ಬಟ್ಟೆ ವಿಷಯ. ಒರೆಸಿದರೆ ಆಯಿತು ಅಂತ ರೆಕ್ಸಿನ್, ಲೆದರೆಟ್ ಕಡೆಗೆ ಜನ ವಾಲುತ್ತಾರೆ. ಲೆದರೆಟ್ ಅಂತ ಮಾರುವುದರಲ್ಲಿ ಬಹಳಷ್ಟು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಗಾಳಿಯ ತೇವ ಆ ಪದರವನ್ನು ನಿಧಾನಕ್ಕೆ ಒಡೆಯುತ್ತದೆ. ಬೆವರು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸೇರಿದರೆ ಇನ್ನೂ ಬೇಗ. ಮೊದಲು ತಲೆ ಒರಗುವ ಜಾಗ, ಕೈಹಿಡಿ, ಆಮೇಲೆ ಸೀಟು ಪುಡಿ ಪುಡಿಯಾಗಿ ಉದುರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಪೂರ್ತಿ ಹೊದಿಕೆ ಬದಲಿಸಬೇಕು. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರಿಗೆ ನಾನು ಅದನ್ನು ಹೇಳುವುದೇ ಇಲ್ಲ. ಹುಬ್ಬಳ್ಳಿಯ ಹವೆ ಅಷ್ಟು ತೇವ ಅಲ್ಲ, ಆದರೂ ಮಕ್ಕಳಿರುವ ಮನೆಗೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯೇ ನನ್ನ ಆಯ್ಕೆ. ಬಟ್ಟೆ ಎಷ್ಟು ಉಜ್ಜಿದರೆ ಸವೆಯುತ್ತದೆ ಅನ್ನುವುದಕ್ಕೆ ಮಾರ್ಟಿಂಡೇಲ್ ಅಂತ ಒಂದು ಪರೀಕ್ಷೆ ಇದೆ. 20,000 ಸಲಕ್ಕಿಂತ ಹೆಚ್ಚು ಉಜ್ಜಿದರೂ ತಾಳುವುದನ್ನು ಕೇಳಿ. ಈಗ ಓಡುತ್ತಿರುವ ಗುಂಗುರು ಗುಂಗುರು ಬೂಕ್ಲೆ ಬಟ್ಟೆ ಬೇಡ, ಧೂಳು ಹಿಡಿಯುತ್ತದೆ, ಮಕ್ಕಳ ಉಗುರಿಗೆ ಎಳೆ ಸಿಕ್ಕಿ ಬರುತ್ತದೆ. ಬಿಳಿ, ಕೆನೆ ಬಣ್ಣವೂ ಬೇಡ. ಸಾರು ಚೆಲ್ಲಿದ ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕುಶನ್ ಕವರ್‌ಗೆ ಜಿಪ್ ಇರಲಿ, ಅದು ತೊಳೆಯುವ ಬಟ್ಟೆಯಾ ಅಂತ ಕೇಳಿ. ಕುಶನ್ ಕವರ್‌ಗೆ ಸಾಕಾಗುವಷ್ಟು ಅದೇ ಥಾನಿನ ಬಟ್ಟೆ ಜಾಸ್ತಿ ತಗೊಂಡು ಇಟ್ಟುಕೊಳ್ಳಿ, ಆಮೇಲೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ.

ವಾಸ್ತು ಪ್ರಕಾರ ಭಾರದ ಸಾಮಾನು ನೈಋತ್ಯಕ್ಕೆ ಇರಲಿ ಅಂತ ಹಿರಿಯರು ಹೇಳಬಹುದು. ನಿಮ್ಮ ಹಾಲ್‌ನಲ್ಲಿ ಅದು ದಾರಿಗೆ ಅಡ್ಡ ಬರದಿದ್ದರೆ ಧಾರಾಳವಾಗಿ ಹಾಗೇ ಇಡಿ.

ಕೊನೆಗೆ, ಸೋಫಾವನ್ನು ಮನೆಗೆ ತರುವ ವಿಷಯ. ಮೂರನೇ ಮಹಡಿ ಅಂದಿರಿ. ಚಿಕ್ಕ ಲಿಫ್ಟಿನ ಬಾಗಿಲು ಹೆಚ್ಚೆಂದರೆ 28ರಿಂದ 31 ಇಂಚು ತೆರೆಯುತ್ತದೆ. ಸೋಫಾ ತುಂಡಿನ ಆಳ ಮತ್ತು ಬೆನ್ನಿನ ಎತ್ತರ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು ಬಾಗಿಲಿನ ತೆರೆದ ಅಗಲಕ್ಕಿಂತ ಕಮ್ಮಿ ಇರಬೇಕು. ಆಗ ಮಾತ್ರ ಅಡ್ಡ ಮಾಡಿಯೋ ನೆಟ್ಟಗೆ ನಿಲ್ಲಿಸಿಯೋ ಒಳಗೆ ತರಬಹುದು. ಮೆಟ್ಟಿಲಿನ ತಿರುವು, ಅದರ ಕಂಬಿ, ನಿಮ್ಮ ಮುಂಬಾಗಿಲು ಎಲ್ಲವನ್ನೂ ಟೇಪ್ ಹಿಡಿದು ಅಳೆಯಿರಿ. ಬಾಗಿಲಿನ ಅಗಲ ಅಳೆಯುವಾಗ ಕದ ತೆರೆದಿಟ್ಟು ಅಳೆಯಿರಿ, ಕದದ ದಪ್ಪವೂ ಜಾಗ ತಿನ್ನುತ್ತದೆ.

ಲೌಂಜರ್ ಇರುವುದನ್ನೇ ಆರ್ಡರ್ ಮಾಡುವುದಾದರೆ 'ಎಡಗಡೆ', 'ಬಲಗಡೆ' ಅಂತ ಬಾಯಲ್ಲಿ ಹೇಳಿ ಬರಬೇಡಿ. ಕೆಲವರು ಸೋಫಾದ ಎದುರು ನಿಂತು ನೋಡಿದ ಎಡವನ್ನು ಎಡ ಅಂತಾರೆ, ಕೆಲವರು ಕೂತವರ ಎಡವನ್ನು. ಹೀಗಾಗಿ ತಿರುಗುಮುರುಗಾಗಿ ಬಂದ ಸೋಫಾಗಳು ಬೇಕಾದಷ್ಟಿವೆ. ಒಂದು ಹಾಳೆಯಲ್ಲಿ ಹಾಲ್‌ನ ನಕ್ಷೆ ಬರೆದು, ಬಾಗಿಲು, ಟಿವಿ, ಲೌಂಜರ್ ಗುರುತು ಮಾಡಿ, ಅಂಗಡಿಯವರ ಸಹಿ ಹಾಕಿಸಿಕೊಳ್ಳಿ. ಫೋಮ್‌ನ ಡೆನ್ಸಿಟಿ, ಮರದ ಹೆಸರು, ಬಟ್ಟೆಯ ಕೋಡ್ ಬಿಲ್ಲಿನಲ್ಲೇ ಬರೆಸಿ. ಊರಿನ ಬಡಿಗರ ಹತ್ತಿರ ಮಾಡಿಸಿದರೆ ಇನ್ನೂ ಒಳ್ಳೆಯದು, ಅಳತೆ ನಿಮ್ಮ ಕೈಯಲ್ಲಿರುತ್ತದೆ. ಆದರೆ ಬಟ್ಟೆ ಹೊದಿಸುವ ಮೊದಲು ಒಂದು ಸಲ ಹೋಗಿ ಚೌಕಟ್ಟು ನೋಡಿ ಬನ್ನಿ, ಆಗಲ್ಲ ಅಂದರೆ ಫೋಟೋ ತರಿಸಿಕೊಳ್ಳಿ. ಮೂಲೆಗಳಲ್ಲಿ ಮರದ ತುಂಡು ಇಟ್ಟು ಸ್ಕ್ರೂ ಹಾಕಿರಬೇಕು, ಬರೀ ಮೊಳೆ ಹೊಡೆದಿರಬಾರದು. ಅದನ್ನು ನೋಡಿದ ಮೇಲೆಯೇ ಮುಂದಿನ ಕಂತಿನ ದುಡ್ಡು ಕೊಡಿ.